ಕಾರ್ಖಾನಿ ಮೂಲ್ಯಾಗಿನ ಮೀಟರ್‌ಗೇಜ್ ಡೀಸಲ್ ಇಂಜಿನ್ ಉಳಸೂದು ಹೆಂಗ, ಅದರ ಮಾಡೆಲ್ ಯಾವ ಹಳಿ ಮ್ಯಾಲೆ ಓಡಸೂದು?

ಪ್ರಶ್ನೆ: ಸರ್, ನಮಸ್ಕಾರ್ರಿ. ನಾನು ಬಾಗಲಕೋಟಿ ಜಿಲ್ಲಾದಾಗ ಹೈಸ್ಕೂಲ್ ಮಾಸ್ತರ. ನಮ್ಮಪ್ಪಾರು ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದಾಗ ನಮ್ಮ ಕಡೆ ಲೈನಿನ್ಯಾಗ ಗ್ಯಾಂಗ್‌ಮನ್ ಇದ್ರು, ಅವರ ನೆನಪಿಗಂತ ಮನ್ಯಾಗ 12 ಫೂಟಿನ ಗ್ವಾಡಿಗೆ ಹತ್ತಿ ಒಂದು ಸಣ್ಣ ಲೇಔಟ್ ಮಾಡಾಕತ್ತೀನಿ. ಸೆಕೆಂಡ್‌ಹ್ಯಾಂಡ್ ಎಚ್‌ಒ (87 ಪಟ್ಟು ಸಣ್ಣ ಮಾಡೆಲ್ ರೈಲಿನ) ಹಳಿ ತಗೊಂಡೀನಿ, ಗೆಳೆಯ ಒಬ್ಬ ಮೀಟರ್‌ಗೇಜಿನ ವೈಡಿಎಂ-4 ಡೀಸಲ್ ಇಂಜಿನ್ ಬಾಡಿ 3ಡಿ ಪ್ರಿಂಟ್ ಮಾಡಿ ಕೊಟ್ಟಾನ. ಆದ್ರ ಹಳಿ ಮ್ಯಾಲೆ ಇಟ್ರ ಏನೋ ಹೊಂದಂಗಿಲ್ಲ ಅನಸ್ತೈತಿ. ನಾನ ಮಾಡಿದ ನಾಲ್ಕು ಗಾಲಿ ವ್ಯಾಗನ್ ಪಾಯಿಂಟ್ (ಹಳಿ ಕವಲು ಒಡಿಯೂ ಜಾಗಾ) ಮ್ಯಾಲೆ ಹಳಿ ತಪ್ತಾವ, ಭಾರ ಹಾಕ್ರಿ ಅಂದ್ರು, ಒಂದೊಂದಕ್ಕ 150 ಗ್ರಾಂ ಸೀಸ ಹಾಕಿದ್ರೂ ತಪ್ತಾವ, ಈಗ ಇಂಜಿನ್ ಗಾಲಿನೂ ಜಾರಾಕತ್ತಾವ. ಇನ್ನೊಂದು ದೊಡ್ಡ ವಿಷಯ ಐತ್ರಿ. ನಮ್ಮೂರ ಹತ್ರ ಒಂದು ಕಾರ್ಖಾನ್ಯಾಗ ಹಳೇ ಮೀಟರ್‌ಗೇಜ್ ಡೀಸಲ್ ಶಂಟರ್ (ವ್ಯಾಗನ್ ಹಿಂದ ಮುಂದ ಸರಸೂ ಸಣ್ಣ ಇಂಜಿನ್) ಮಳಿ ಬಿಸಲಾಗ ನಿಂತೈತಿ, ನೇಮ್‌ಪ್ಲೇಟ್ ಸೈತ ಇಲ್ಲ. ಗುಜರಿಗೆ ಹಾಕೂದಕ್ಕಿಂತ ಸಾಲಿಗೆ ಕೊಡ್ತೀವಿ ಅಂತಾರ. ವರ್ಷಕ್ಕೊಮ್ಮೆ ವೇಸ್ಟ್ ಆಯಿಲ್ ಬಡದ್ರ ಸಾಕು, ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿದ್ರ ಇಂಜಿನ್ ಕೆಡಂಗಿಲ್ಲ ಅಂತ ಒಬ್ಬ ಮೆಕ್ಯಾನಿಕ್ ಹೇಳ್ಯಾನ. ಖರೇ ಏನ್ರಿ? ತಗೊಳ್ಳಲ್ಯೋ ಬ್ಯಾಡೋ?

ಉತ್ತರ:

ಮಾಸ್ತರ್ರ, ಮೊದ್ಲ ಆ ಕಾರ್ಖಾನಿ ಇಂಜಿನ್ ಬಗ್ಗೆ ಮಾತಾಡೂಣ, ಯಾಕಂದ್ರ ಲೇಔಟ್ ಮುಂದಿನ ವರ್ಷನೂ ಮಾಡಬಹುದು, ಆದ್ರ ಗುಜರಿಯಂವ ಗ್ಯಾಸ್ ಕಟರ್ ತಗೊಂಡು ಒಮ್ಮೆ ಬಂದ್ರ ಎರಡು ದಿನದಾಗ ಎಲ್ಲಾ ಮುಗೀತೈತಿ. ನಾ ಡೀಸಲ್ ಶೆಡ್ಡಿನ್ಯಾಗ ಆಲ್ಕೋ (ಅಮೆರಿಕಾದ ಕಂಪನಿ) ಮಾದರಿ ಇಂಜಿನ್ ಬಿಚ್ಚಿ ಕೂಡಸೂ ಕೆಲಸದಾಗ ಸರ್ವಿಸ್ ಮುಗಿಸಿದಂವ, ಈಗ ಬೆಳಗಾವ್ಯಾಗ ಮನ್ಯಾಗ ಕುಂತು ಅವ ಇಂಜಿನ್ ಸಣ್ಣದು ಮಾಡ್ತೀನಿ, ಹಿಂಗಾಗಿ ನಿಮ್ಮ ಎರಡೂ ಪ್ರಶ್ನೆ ನನಗ ಒಂದ ಪ್ರಶ್ನೆ ಅನಸ್ತಾವ. ನಿಮ್ಮ ಮಾಡೆಲ್ಲಿಗೆ ಬೇಕಾದ ಅಳತಿ ಆ ಇಂಜಿನ್ ಮೈಮ್ಯಾಲೆ ಐತಿ, ಮತ್ತ ಆ ಇಂಜಿನ್ ಉಳಸಾಕ ಮೊದ್ಲ ಬೇಕಾಗಿದ್ದೂ ಅದ ಅಳತಿ, ಅದ ಫೋಟೋ. ಚಾಲೂ ಮಾಡೂ ಮಾತು ಎಲ್ಲಾದಕ್ಕಿಂತ ಕಡೀಕ ಬರೂದು.

ವೇಸ್ಟ್ ಆಯಿಲ್ ಮಾತು ನಾ ಶೆಡ್ಡಿನ್ಯಾಗೂ ಭಾಳ ಕೇಳೀನಿ. ಅದು ತಪ್ಪು. ಇಂಜಿನ್‌ದಿಂದ ಇಳಿಸಿದ ಆಯಿಲಿನ್ಯಾಗ ಸುಟ್ಟ ಮಸಿ, ಆ್ಯಸಿಡ್, ಲೋಹದ ಪುಡಿ, ಸ್ವಲ್ಪ ನೀರು ಎಲ್ಲಾ ಇರ್ತಾವ, ಅದನ್ನ ತಗಡಿಗೆ ಬಡದ್ರ ಒಂದೆರಡು ತಿಂಗಳು ಕರ್ರಗ ಮಿಂಚ್ತೈತಿ, ಆಮ್ಯಾಲೆ ನಮ್ಮ ಎರಿ ಮಣ್ಣಿನ ಧೂಳು ಅದರ ಮ್ಯಾಲೆ ಕುಂತು ದಪ್ಪ ಪದರ ಆಗ್ತೈತಿ, ಮಳಿ ಬಂದ್ರ ಆ ಪದರ ಹಸಿ ಹಿಡಕೊಂಡು ಕೂಡ್ತೈತಿ, ಒಳಗ ಜಂಗು ಆರಾಮ್ ಬೆಳೀತೈತಿ. ಮುಂದ ಬಣ್ಣ ಹಚ್ಚಬೇಕಂದ್ರ ಆ ಜಿಡ್ಡಿನ ಮ್ಯಾಲೆ ಯಾವ ಪ್ರೈಮರೂ ಹಿಡಿಯಂಗಿಲ್ಲ. ಅದಕ್ಕಿಂತ ದೊಡ್ಡ ಮಾತು, ಅದು ಚರ್ಮಕ್ಕ ಹತ್ತಿದ್ರ ಚಲೋ ಅಲ್ಲ, ಕ್ಯಾನ್ಸರ್ ತರೂ ಅಂಶ ಇರ್ತಾವ ಅದರಾಗ. ನೀವು ಇಡೂದು ಸಾಲಿ ಅಂಗಳದಾಗ, ಹುಡುಗರು ಕೈ ಹಚ್ಚದ ಬಿಡಂಗಿಲ್ಲ. ಗಾಲಿ ನಡುವಿನ ರಾಡು, ಪಿನ್ನು, ಬ್ರೇಕ್ ಲಿಂಕೇಜ್ ಹಂತಾ ಬಣ್ಣ ಇಲ್ಲದ ಉಕ್ಕಿಗೆ ಹೊಸಾ ಗ್ರೀಸ್ ಇಲ್ಲಾ ಮೇಣದಂಥ ರಸ್ಟ್ ಪ್ರಿವೆಂಟಿವ್ ಹಚ್ರಿ, ತಗಡಿಗೆ ಪ್ರೈಮರ್ ಮತ್ತ ಎನಾಮಲ್ ಅಷ್ಟ.

ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡೂದು ಇನ್ನೂ ಕೆಟ್ಟ ಸಲಹಾ. ಮೆಕ್ಯಾನಿಕ್ ಕೆಟ್ಟ ಮನಸ್ಸಿಂದ ಹೇಳಿಲ್ಲ ಬಿಡ್ರಿ, ಮೋಟಾರ್ ಸೈಕಲ್ಲಿಗೆ ಮಂದಿ ಹಂಗ ಮಾಡ್ತಾರ, ಅದನ್ನ ನೋಡಿ ಹೇಳ್ಯಾನ. ಡೀಸಲ್ ಸುಟ್ರ ನೀರಿನ ಆವಿನೂ ಹುಟ್ತೈತಿ. ಲೋಡ್ ಇಲ್ಲದ ಹತ್ತು ನಿಮಿಷ ಓಡಿಸಿ ಬಂದ್ ಮಾಡಿದ್ರ ಇಂಜಿನ್ ಪೂರ್ತಿ ಬಿಸಿ ಆಗಿರಂಗಿಲ್ಲ, ಆ ನೀರು ಒಳಗ ತಂಪಾಗಿ ಆಯಿಲ್ ಸಂಪಿನ್ಯಾಗ ಇಳೀತೈತಿ, ಅರ್ಧ ಸುಟ್ಟ ಡೀಸಲ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನ್ಯಾಗ ಜಿಡ್ಡಾಗಿ ಕೂಡ್ತೈತಿ. ಆಲ್ಕೋ 251 ಇಂಜಿನ್ ಭಾಳ ಹೊತ್ತು ಐಡಲ್ ಬಿಟ್ಟು ಆಮ್ಯಾಲೆ ನಾಚ್ ಕೊಟ್ರ, ಅಂದ್ರ ಜೋರು ಏರಿಸಿದ್ರ, ಹೊಗಿ ಜೋಡಿ ಆಯಿಲ್ ಹನಿನೂ ಮ್ಯಾಲೆ ಹಾರ್ತಿತ್ತು, ಹಳೇ ಡ್ರೈವರ್ ಮಂದಿಗೆ ಇದು ಗೊತ್ತು. ಅಂದ್ರ, ಓಡಸಿದ್ರ ಪೂರ್ತಿ ಬಿಸಿ ಆಗೂವಂಗ ಲೋಡಿನ ಮ್ಯಾಲೆ ಓಡಸಬೇಕು, ಇಲ್ಲಾಂದ್ರ ಮುಟ್ಟಬಾರದು. ನಿಮಗ ಅಲ್ಲಿ ಲೋಡ್ ಎಲ್ಲಿಂದ ಬರಬೇಕು? ಮೀಟರ್‌ಗೇಜ್ ಹಳಿನ ಉಳದಿಲ್ಲ.

ಹಂಗಾರ ಇಂಜಿನ್ ಕೆಡಸೂದು ಯಾವುದು? ವಯಸ್ಸಲ್ಲ, ನೀರು. ಅದರಾಗೂ ಮ್ಯಾಲಿಂದ ಬರೂ ನೀರು. ನೀವು ನಾಳೆ ಆ ಇಂಜಿನ್ ಹತ್ರ ಹೋದ್ರ ಮೊದ್ಲ ಹೊಗಿ ಬಿಡೂ ಕೊಳವಿ ನೋಡ್ರಿ, ಬಾಯಿ ತೆರದ ಇರ್ತೈತಿ. ಇಷ್ಟು ವರ್ಷದ ಮಳಿ ಅದರಾಗಿಂದ ಇಳದು, ಟರ್ಬೋ ಇದ್ರ ಟರ್ಬೋ ದಾಟಿ, ಮ್ಯಾನಿಫೋಲ್ಡಿಗೆ ಬಂದು, ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರದು ನಿಂತೈತೋ ಅದರೊಳಗ ಹೊಕ್ಕಿರ್ತೈತಿ. ಒಂದು ಸಿಲಿಂಡರ್ ಲೈನರಿನ್ಯಾಗ (ಸಿಲಿಂಡರಿನ ಒಳಗಿನ ಕೊಳವಿ) ಪಿಸ್ಟನ್ ನಿಂತ ಜಾಗಾದಾಗ ಕಂದು ಬಣ್ಣದ ಒಂದು ಉಂಗುರ ಕೊರದಂಗ ಕಾಣ್ತೈತಿ, ಬಾಜೂಕಿನ ಸಿಲಿಂಡರ್ ಮಾತ್ರ ಕನ್ನಡಿ ಹಂಗ ಇರ್ತೈತಿ. ಇಂಥಾ ಇಂಜಿನ್ನಿಗೆ ಬ್ಯಾಟರಿ ಹಚ್ಚಿ ಸೆಲ್ಫ್ ಹೊಡದ್ರ ಏನಾಗ್ತೈತಿ ಅಂದ್ರ, ನೀರನ್ನ ಒತ್ತಿ ಸಣ್ಣದು ಮಾಡಾಕ ಆಗಂಗಿಲ್ಲ, ಕನೆಕ್ಟಿಂಗ್ ರಾಡ್ ಬಾಗ್ತೈತಿ, ಅಲ್ಲಿಗೆ ಆ ಇಂಜಿನ್ ಕಥಿ ಮುಗೀತು. ಯಾರ ಏನ ಹೇಳಲಿ, ಯಾರಿಗೂ ಕ್ರ್ಯಾಂಕ್ ಮಾಡಾಕ ಬಿಡಬ್ಯಾಡ್ರಿ.

ಈ ತಿಂಗಳದಾಗ ಮಾಡೂ ಕೆಲಸ ಭಾಳ ಖರ್ಚಿಂದಲ್ಲ. ಕೊಳವಿ ಬಾಯಿಗೆ ತಗಡಿನ ಮುಚ್ಚಳ ಮಾಡಿಸಿ ಕೂಡಸ್ರಿ. ರೇಡಿಯೇಟರ್ ಮತ್ತ ಬ್ಲಾಕಿನ ನೀರು ಪೂರ್ತಿ ಇಳಸ್ರಿ, ನಮ್ಮ ಕಡೆ ನೀರು ಹೆಪ್ಪುಗಟ್ಟಂಗಿಲ್ಲ ಅಂತ ಮಂದಿ ಹಂಗ ಬಿಡ್ತಾರ, ಆದ್ರ ಕೆಮಿಕಲ್ ಹಾಕದ ನಿಂತ ನೀರು ಲೈನರನ್ನ ಹೊರಗಿಂದ ತಿಂತೈತಿ. ಡೀಸಲ್ ಟ್ಯಾಂಕಿನ ತಳದಾಗ ನೀರು ಮತ್ತ ಲೋಳಿ ಇರ್ತೈತಿ, ಅದನ್ನೂ ಇಳಸ್ರಿ, ಆದ್ರ ನೆಲಕ್ಕ ಚೆಲ್ಲಬ್ಯಾಡ್ರಿ, ಬ್ಯಾರಲ್ಲಿಗೆ. ಬ್ಯಾಟರಿ ಇದ್ರ ತಗದು ಹೊರಗಿಡ್ರಿ, ಅದರ ಆ್ಯಸಿಡ್ ಸೋರಿ ಪೆಟ್ಟಿಗಿ ತಳ ತಿಂದಿರ್ತೈತಿ. ಬಾನೆಟ್ ಬಾಗಲ ಕೆಳಗ ಸಣ್ಣ ಸಣ್ಣ ತೂತು ಇರ್ತಾವ ನೀರು ಹೋಗಾಕ, ಅವು ಧೂಳಿಂದ ಮುಚ್ಚಿರ್ತಾವ, ಒಂದು ತಂತಿ ಹಾಕಿ ಬಿಡಸ್ರಿ, ಇದು ಐದು ನಿಮಿಷದ ಕೆಲಸ ಆದ್ರ ಬಾಗಲ ಕೊಳೆಯೂದು ಇಲ್ಲಿಂದನ. ಆಮ್ಯಾಲೆ ಮ್ಯಾಲೊಂದು ತಾಡಪಾಲ, ಆದ್ರ ಮೈಗೆ ಅಂಟಿ ಸುತ್ತಬ್ಯಾಡ್ರಿ, ಗಾಳಿ ಆಡೂವಂಗ ಬಿದರು ಕೊಟ್ಟು ಎತ್ತಿ ಕಟ್ರಿ, ಇಲ್ಲಾಂದ್ರ ರಾತ್ರಿ ತೇವ ಒಳಗ ಕುಂತು ಮೊದಲಿಗಿಂತ ಜಾಸ್ತಿ ಜಂಗು ಬರ್ತೈತಿ. ಎಕ್ಸಾಸ್ಟ್ ಪೈಪಿಗೆ ಬಿಳಿ ಹಗ್ಗದಂಥದ್ದೋ ಬಟ್ಟಿಯಂಥದ್ದೋ ಸುತ್ತಿದ್ರ ಅದನ್ನ ಕೀಳಬ್ಯಾಡ್ರಿ, ಆ ಕಾಲದ್ದು ಆ್ಯಸ್‌ಬೆಸ್ಟಾಸ್ ಇರಬಹುದು, ಒಣಗಿದ್ದು ಕಿತ್ರ ಅದರ ಪುಡಿ ಎದಿಯೊಳಗ ಹೋಗ್ತೈತಿ. ಹುಡುಗರನ್ನ ಈ ಕೆಲಸಕ್ಕ ಕರಕೊಂಡು ಹೋಗೂದಂತೂ ಬ್ಯಾಡ.

ಬಣ್ಣ ತಗಿಯೂ ಮುಂದ ಸ್ಯಾಂಡ್‌ಬ್ಲಾಸ್ಟ್ ಮಾಡಸ್ತೀವಿ ಅಂತ ಕಾರ್ಖಾನಿಯವರು ಉತ್ಸಾಹದಾಗ ಅನಬಹುದು, ಬ್ಯಾಡ ಅನ್ರಿ. ತೆಳ್ಳನ ತಗಡು ಡೊಂಕಾಗ್ತೈತಿ, ಮರಳು ಬೇರಿಂಗಿನ್ಯಾಗ ಹೋಗ್ತೈತಿ, ಮತ್ತ ಎಲ್ಲಾಕ್ಕಿಂತ ಹೆಚ್ಚು ಅಂದ್ರ ಹಳೇ ಬಣ್ಣದ ದಾಖಲಿ ಹೋಗ್ತೈತಿ. ಕ್ಯಾಬಿನ ಬಾಗಲ ಹತ್ರ ಅಂಗೈ ಅಗಲದಷ್ಟು ಜಾಗಾದಾಗ ನೀರು ಹಚ್ಚಿ ವಾಟರ್ ಪೇಪರಿಂದ ನಿಧಾನ ತಿಕ್ರಿ, ಮೂಗಿಗೆ ಮಾಸ್ಕ್ ಇರಲಿ ಯಾಕಂದ್ರ ಹಳೇ ಪ್ರೈಮರಿನ್ಯಾಗ ಸೀಸ ಇರ್ತೈತಿ. ನಡುವ ಜಾಸ್ತಿ, ಅಂಚಿಗೆ ಕಡಿಮಿ ತಿಕ್ಕಿದ್ರ ಒಂದರೊಳಗೊಂದು ಪದರ ಬಿಚ್ಕೊಂತ ಬರ್ತಾವ, ಮ್ಯಾಲಿನ ಬಣ್ಣ, ಅದರ ಕೆಳಗ ಅದಕ್ಕಿಂತ ಹಳೇದು, ಕಡೀಕ ಕೆಂಪು ರೆಡ್ ಆಕ್ಸೈಡ್, ಆಮ್ಯಾಲೆ ಕಬ್ಬಿಣ. ಅದರ ಬಾಜೂಕ ಒಂದು ಸ್ಕೇಲ್ ಹಿಡದು ಫೋಟೋ ತಗೀರಿ. ಕಾರ್ಖಾನಿಗೆ ಬಂದ ದಿನ ಅದು ಯಾವ ಬಣ್ಣ ಇತ್ತು ಅನ್ನೂದಕ್ಕ ಇದಕ್ಕಿಂತ ದೊಡ್ಡ ಸಾಕ್ಷಿ ಬ್ಯಾರೆ ಸಿಗಂಗಿಲ್ಲ, ಮತ್ತ ಬಾಡಿ ಮ್ಯಾಲೆ ಅಕ್ಷರ ಇದ್ವು ಅಂದ್ರ ಅವೂ ಹಿಂಗ ತಿಕ್ಕಿದ್ರ ಮ್ಯಾಲೆ ಬರ್ತಾವ. ನೇಮ್‌ಪ್ಲೇಟ್ ಇಲ್ಲ ಅಂದ್ರಿ, ಇಂಜಿನ್ ಬ್ಲಾಕ್, ಗೇರ್ ಕೇಸ್, ಆ್ಯಕ್ಸಲ್ ತುದಿ, ಬಫರ್ ಇವುಗಳ ಮ್ಯಾಲೆ ಒತ್ತಿದ ನಂಬರ್ ನೋಡ್ರಿ, ಚಾಕ್‌ಪೀಸ್ ತಿಕ್ಕಿದ್ರ ಓದಾಕ ಬರ್ತಾವ.

ಈಗ ತಗೊಳ್ಳಲ್ಯೋ ಬ್ಯಾಡೋ ಅನ್ನೂದು. ಅಂಗಳದಾಗ ಕಟ್ಟಿ ಕಟ್ಟಿ ನಿಲ್ಲಸಬೇಕಂದ್ರ ಇಂಜಿನ್‌ಕಿಂತ ನೆಲಾನ ದೊಡ್ಡ ಸಮಸ್ಯೆ. ನಿಮ್ಮ ಕಡೆ ಎರಿ ಭೂಮಿ ಇದ್ರ, ಮಳಿಗಾಲಕ್ಕ ಉಬ್ಬಿ ಬ್ಯಾಸಗಿಗೆ ಬಿರೀತೈತಿ, ಇಷ್ಟೊಂದು ಟನ್ ಭಾರ ಎರಡು ಹಳಿ ಮ್ಯಾಲೆ ನಿಂತಾಗ ಕಟ್ಟಿ ಒಂದು ಕಡೆ ವಾಲ್ತೈತಿ. ಆ ಮಣ್ಣು ತಗದು ಗಟ್ಟಿ ನೆಲದ ತನಕ ಹೋಗಿ ಮುರಂ ತುಂಬಿ ಗಟ್ಟಿ ಮಾಡಿ, ಮ್ಯಾಲೆ ಜಲ್ಲಿ ಹಾಕಿ ಸ್ಲೀಪರ್ ಇಡಬೇಕು, ಸಿಮೆಂಟಿನ್ಯಾಗ ಹಳಿ ಹುಗೀಬ್ಯಾಡ್ರಿ, ಗಾಲಿ ಬುಡದಾಗ ನೀರು ನಿಂತು ಕೊಳೀತೈತಿ. ಕಟ್ಟಿ ಸುತ್ತ ಬೇಲಿ, ಕ್ಯಾಬಿಗೆ ಕೀಲಿ, ಮ್ಯಾಲೆ ತಗಡಿನ ಶೆಡ್. ಮ್ಯಾಲೆ ನೆರಳಿಲ್ಲದ ಇಂಜಿನ್ ತಗೊಂಡ್ರ ಅದು ಮೂರ್ನಾಲ್ಕು ವರ್ಷಕ್ಕ ಮತ್ತ ಗುಜರಿಯಾಗಿ ಕಾಣ್ತೈತಿ, ಆಗ ಸಾಲಿಯವರ ಗುಜರಿಗೆ ಹಾಕ್ತಾರ, ಇದು ನಾ ಖರೇನ ನೋಡೀನಿ. ಹಿಂಗಾಗಿ ಶೆಡ್ಡಿನ ರೊಕ್ಕ, ಕ್ರೇನು ಟ್ರೇಲರಿನ ರೊಕ್ಕ ಎರಡೂ ಕಾರ್ಖಾನಿಯವರು ಕೊಡ್ತೀವಿ ಅಂತ ಬರದು ಕೊಟ್ರ ಮಾತ್ರ ಹೂಂ ಅನ್ರಿ.

ನನ್ನ ಕೇಳಿದ್ರ ಅದನ್ನ ಕಾರ್ಖಾನಿ ಆವರಣದಾಗನ ಉಳಸೂದು ಚಲೋ. ಅದು ದುಡದ ಜಾಗಾ ಅದು, ಹಳಿ ತುಂಡು ಅಲ್ಲೇ ಇರ್ತೈತಿ, ವಾಚ್‌ಮನ್ ಇರ್ತಾನ, ಹಂಗಾಗಿ ತಾಮ್ರದ ಕೇಬಲ್ ಕಳುವು ಆಗಂಗಿಲ್ಲ. ವರ್ಷಕ್ಕ ಎರಡು ಸಲ ನಿಮ್ಮ ಹುಡುಗರನ್ನ ತೋರಸಾಕ ಕರಕೊಂಡು ಹೋಗ್ರಿ. ಮ್ಯೂಸಿಯಂ ಕೇಳಬಹುದು, ಹುಬ್ಬಳ್ಳ್ಯಾಗ ಗದಗ ರೋಡಿಗೆ 2020ರಾಗ ರೈಲ್ ಮ್ಯೂಸಿಯಂ ಆಗೈತಿ, ಮೈಸೂರಿಂದು 1979ರಿಂದ ಐತಿ, ಬರದು ಕೇಳೂದ್ರಾಗ ತಪ್ಪಿಲ್ಲ, ಆದ್ರ ಜಾಗಾ ಎಲ್ಲಾ ಕಡೆ ಕಡಿಮಿ, ರೈಲ್ವೆದ್ದಲ್ಲದ ಖಾಸಗಿ ಶಂಟರಿಗೆ ಸರದಿ ಬರೂದು ಕಷ್ಟ. ಯಾವುದೂ ಆಗಲಿಲ್ಲ ಅಂದ್ರ ಪೂರ್ತಿ ಇಂಜಿನ್ ಹೋದ್ರೂ ಕಂಟ್ರೋಲ್ ಸ್ಟ್ಯಾಂಡ್, ಗೇಜ್, ಹಾರ್ನ್, ಒಂದು ಬಫರ್ ಇಷ್ಟಾದ್ರೂ ಬಿಚ್ಚಿ ಸಾಲ್ಯಾಗ ಇಡ್ರಿ, ಅದೂ ಉಳಸೂ ಕೆಲಸನ, ಕಡಿಮಿ ಅಂತ ತಿಳೀಬ್ಯಾಡ್ರಿ. ಓಡೂವಂಗ ಮಾಡೂದು ಅಂತೂ ಬ್ಯಾರೆ ಲೆಕ್ಕ, ಸಿಲಿಂಡರಿನ ಇಂಜೆಕ್ಟರ್ ಎಲ್ಲಾ ಬಿಚ್ಚಿ, ಆಯಿಲ್ ಪ್ರೆಶರ್ ಕೊಟ್ಟು, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು, ಗವರ್ನರ್ (ಸ್ಪೀಡು ಹಿಡಿತದಾಗ ಇಡೂ ಸಾಧನ) ಲಿಂಕೇಜ್ ಜಾಮ್ ಆಗಿದ್ರ ಇಂಜಿನ್ ಚಾಲೂ ಆದ ಮ್ಯಾಲೆ ಸ್ಪೀಡು ತಾನ ಏರಿ ನಿಲ್ಲಂಗಿಲ್ಲ, ಆಗ ಗಾಳಿ ಬರೂ ಬಾಯಿ ಮುಚ್ಚಾಕ ಒಬ್ಬಾಂವ ಹಲಗಿ ಹಿಡದು ತಯಾರ್ ನಿಂತಿರಬೇಕು. ಹಳೇ ಏರ್ ಟ್ಯಾಂಕಿಗೆ ನೀರಿನ ಪ್ರೆಶರ್ ಟೆಸ್ಟ್ ಮಾಡಸದ ಗಾಳಿ ತುಂಬಿದ್ರ ಒಡದು ಜೀವಾನ ಹೋಗಬಹುದು. ಸಾಲಿ ಕೆಲಸ ಅಲ್ಲ ಇದು.

ಇನ್ನ ನಿಮ್ಮ ಲೇಔಟ್. ಹೊಂದಂಗಿಲ್ಲ ಅನಸಿದ್ದು ನಿಮ್ಮ ಕಣ್ಣು ಚಲೋ ಐತಿ ಅನ್ನೂದಕ್ಕ ಗುರುತು. ಎಚ್‌ಒ ಅಂದ್ರ 1:87, ಅದರ ಮಾಮೂಲಿ ಹಳಿ 16.5 ಮಿಲಿಮೀಟರ್, ಅದು ಯುರೋಪಿನ 1435 ಮಿಲಿಮೀಟರ್ ಹಳಿದು. ನಮ್ಮ ಬ್ರಾಡ್‌ಗೇಜ್ 1676, ಅದಕ್ಕ ಖರೇ ಅಂದ್ರ 19.3 ಬೇಕು, ಮೀಟರ್‌ಗೇಜಿಗೆ 11.5 ಸಾಕು. ಬ್ರಾಡ್‌ಗೇಜ್ ಇಂಜಿನ್ 16.5 ಮ್ಯಾಲೆ ಇಟ್ರ ಹಳಿ ಸ್ವಲ್ಪ ಸಣ್ಣ, ಯಾರ ಕಣ್ಣಿಗೂ ಬೀಳಂಗಿಲ್ಲ. ಮೀಟರ್‌ಗೇಜ್ ಇಂಜಿನ್ ಇಟ್ರ ಮಾತ್ರ ಹಳಿ ಭಾಳ ಅಗಲ ಆಗಿ ಅದರ ಚೆಲುವಿಕಿನ ಹೋಗ್ತೈತಿ, ಯಾಕಂದ್ರ ಸಣ್ಣ ಹಳಿ ಮ್ಯಾಲೆ ದೊಡ್ಡ ಮೈ ಆ ಕಡೆ ಈ ಕಡೆ ಚಾಚಿ ನಿಲ್ಲೂದ ಮೀಟರ್‌ಗೇಜಿನ ರೂಪ. 1882ರಾಗ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಹಾಕಿದ ಆ ಹಳಿ, ಎಲ್ಲಾ ಹಳಿ ಬ್ರಾಡ್‌ಗೇಜ್ ಮಾಡೂ 1992ರ ಯುನಿಗೇಜ್ ಯೋಜನಾ ಬಂದ ಮ್ಯಾಲೆ ಒಂದೊಂದ ಕಿತ್ತು ಹೋತು, ಅದನ್ನ ತೋರಸಬೇಕಂದ್ರ ಅಗಲ ಸರಿ ಇರಾಕಬೇಕು.

ಅದಕ್ಕ ದಾರಿ ಎರಡು. ವೈಡಿಎಂ-4 ಬೇಕ ಬೇಕು ಅಂದ್ರ 12 ಮಿಲಿಮೀಟರ್ ಹಳಿಗೆ ಹೋಗ್ರಿ, ಎಚ್‌ಒಎಂ ಅಂತಾರ, ಪೆಕೋ, ಟಿಲ್ಲಿಗ್ ಹಂತಾ ಕಂಪನಿ ಮಾಡ್ತಾವ, ಇಲ್ಲಿ ತುಟ್ಟಿ, ಹೊರಗಿಂದ ತರಸಬೇಕು, ಇಂಜಿನ್ ಒಳಗಿನ ಆರು ಆ್ಯಕ್ಸಲ್ ಮೆಕ್ಯಾನಿಸಂ ನೀವ ಹೊಂದಸಬೇಕು. ನಿಮ್ಮಲ್ಲಿ ಇದ್ದ ಹಳಿ ಬಳಸಬೇಕಂದ್ರ ಈಗಿನ ಬ್ರಾಡ್‌ಗೇಜ್ ಮಾಡ್ರಿ, ಕೂಡಗಿ ಪವರ್ ಪ್ಲಾಂಟಿಗೆ ಹೋಗೂ ಕಲ್ಲಿದ್ದಲ ರೇಕ್ (ವ್ಯಾಗನ್ ಸಾಲು) ನಿಮ್ಮ ಕಡೆ ಎಲ್ಲಾರೂ ನೋಡೀರಿ. ಬಾಕ್ಸ್‌ಎನ್ ಅನ್ನೂ ಒಂದು ಕಲ್ಲಿದ್ದಲ ವ್ಯಾಗನ್ ಸುಮಾರು 10.7 ಮೀಟರ್, ಎಚ್‌ಒದಾಗ 123 ಮಿಲಿಮೀಟರ್. 58 ವ್ಯಾಗನ್ ಪೂರ್ತಿ ಮಾಡಿದ್ರ 7 ಮೀಟರ್ ದಾಟ್ತೈತಿ, ನಿಮ್ಮ 12 ಫೂಟಿನ ಗ್ವಾಡಿ ಮೂರು ಮುಕ್ಕಾಲು ಮೀಟರೂ ಇಲ್ಲ, ಹಿಂಗಾಗಿ 8 ವ್ಯಾಗನ್ ಸಾಕು. ನನಗ ಅನಸೂದು, ಅಪ್ಪಾರ ನೆನಪಿಗೆ ಮಾಡೂದಾದ್ರ ಸ್ವಲ್ಪ ತಡಾ ಆದ್ರೂ 12 ಮಿಲಿಮೀಟರ್ ಮಾಡ್ರಿ, ಪೂರ್ತಿ ಸ್ಟೇಷನ್ ಬ್ಯಾಡ, ಒಂದು ಲೂಪ್ (ಬಾಜೂಕ ಹಾದು ಮತ್ತ ಕೂಡೂ ಹಳಿ), ಒಂದು ಗೂಡ್ಸ್ ಶೆಡ್, ಕಾರ್ಖಾನಿಗೆ ಹೋಗೂ ಒಂದು ಸೈಡಿಂಗ್. ಆ ಸೈಡಿಂಗಿನ್ಯಾಗ ನೀವು ಅಳತಿ ತಗೊಂಡ ಅದ ಶಂಟರ್ ನಿಲ್ತೈತಿ, ನಾಲ್ಕು ಗಾಲಿ ಇಂಜಿನ್ ಮಾಡೂದು ಆರು ಆ್ಯಕ್ಸಲ್ಲಿನ ವೈಡಿಎಂ-4ಕ್ಕಿಂತ ಭಾಳ ಸರಳ.

ಹಳಿ ತಪ್ಪೂದಕ್ಕ ಭಾರ ಕಾರಣ ಅಲ್ಲ. ಮೊದ್ಲ ಗಾಲಿ ಒಳಬದಿಯಿಂದ ಒಳಬದಿಗೆ ಕ್ಯಾಲಿಪರ್ ಹಿಡೀರಿ, 16.5 ಹಳಿಗೆ ಸುಮಾರು 14.4ರಿಂದ 14.5 ಮಿಲಿಮೀಟರ್ ಇರಬೇಕು, ಕಡಿಮಿ ಇದ್ರ ಪಾಯಿಂಟಿನ ಚೆಕ್ ರೇಲಿಗೆ (ಗಾಲಿ ದಾರಿ ತಪ್ಪದಂಗ ಬಾಜೂಕ ಇರೂ ಹಳಿ ತುಂಡು) ಹತ್ತಿ ಮ್ಯಾಲೆ ಏರ್ತೈತಿ, ನಿಮ್ಮದು ಪಾಯಿಂಟ್ ಮ್ಯಾಲನ ತಪ್ತೈತಿ ಅಂದ್ರ ನೂರಕ್ಕ ತೊಂಬತ್ತು ಇದ. ಅದು ಸರಿ ಇದ್ರ ವ್ಯಾಗನ್ನನ್ನ ಕನ್ನಡಿ ಮ್ಯಾಲೆ ಇಟ್ಟು ಒಂದೊಂದು ಮೂಲಿ ಒತ್ತಿ ನೋಡ್ರಿ, ಒಂದು ಗಾಲಿ ಅಂತರದಾಗ ಇದ್ರ ಅಲುಗಾಡ್ತೈತಿ. ಒಂದು ಆ್ಯಕ್ಸಲ್ ಗಟ್ಟಿ ಇಟ್ಟು ಇನ್ನೊಂದು ನಡುವಿನ ಒಂದು ಮೊಳಿ ಮ್ಯಾಲೆ ಸ್ವಲ್ಪ ತೂಗೂವಂಗ ಮಾಡ್ರಿ, ಮೂರು ಕಾಲಿನ ಸ್ಟೂಲು ಎಂಥಾ ನೆಲದ ಮ್ಯಾಲೂ ಕುಂತಂಗ ನಾಲ್ಕೂ ಗಾಲಿ ಹಳಿ ಬಿಡಂಗಿಲ್ಲ. ಭಾರಕ್ಕ ಅಮೆರಿಕಾದ ಎನ್‌ಎಂಆರ್‌ಎ ಅನ್ನೂ ಮಾಡೆಲ್ ರೈಲು ಸಂಘದ ಲೆಕ್ಕ ಐತಿ, ಎಚ್‌ಒಕ್ಕ ಒಂದು ಔನ್ಸ್, ಮ್ಯಾಲೆ ಪ್ರತಿ ಇಂಚು ಉದ್ದಕ್ಕ ಅರ್ಧ ಔನ್ಸ್, ನಿಮ್ಮ ವ್ಯಾಗನ್ ಮೂರಿಂಚು ಅಂತ ಹಿಡದ್ರ ಸುಮಾರು 70 ಗ್ರಾಂ ಆತು. ನೀವು ಅದರ ದುಪ್ಪಟ್ಟು ಹಾಕೀರಿ, ಇಂಜಿನ್ ಗಾಲಿ ಜಾರದ ಏನ ಮಾಡಬೇಕು? ಸೀಸ ತಗದು ಕಬ್ಬಿಣದ ವಾಷರ್ ಹಾಕ್ರಿ. ಸೀಸದ ಗುಂಡಿಗೆ ಫೆವಿಕಾಲ್ ಹಾಕಿ ಅಂಟಿಸಿದ್ರ ಒಂದೆರಡು ವರ್ಷಕ್ಕ ಅದು ಕೊಳತು ಉಬ್ಬಿ ವ್ಯಾಗನ್ ಹೊಟ್ಟಿ ಒಡೀತೈತಿ, ಇದು ಭಾಳ ಮಂದಿಗೆ ಗೊತ್ತಿಲ್ಲ.

ಪ್ರಿಂಟ್ ಮಾಡಿದ ಬಾಡಿ ಪಿಎಲ್‌ಎ ಪ್ಲಾಸ್ಟಿಕ್ ಆಗಿದ್ರ 60 ಡಿಗ್ರಿ ಹತ್ರ ಮೆತ್ತಗಾಗ್ತೈತಿ. ಬಾಗಲಕೋಟಿ ಏಪ್ರಿಲ್ ಬಿಸಲಾಗ ಬಂದ್ ಕಾರಿನ್ಯಾಗ ಬಿಟ್ರ ಬಾನೆಟ್ ಸೊಟ್ಟ ಆಗೂದು ಗ್ಯಾರಂಟಿ. ಮುಂದಿನದು ಅದಕ್ಕಿಂತ ಬಿಸಿ ತಡಿಯೂ ಎಬಿಎಸ್ ಪ್ಲಾಸ್ಟಿಕ್ಕಿಂದ ಮಾಡಸ್ರಿ. ಹಳಿ ಜೋಡೂ ಜಾಗಾದಾಗ ಒಂದೊಂದು ಸಣ್ಣ ಸಂದಿ ಬಿಡ್ರಿ, ಹವಾದಾಗಿನ ತೇವ ಏರಿ ಇಳದಂಗ ಹಳಿಕ್ಕಿಂತ ಕೆಳಗಿನ ಪ್ಲೈವುಡ್ಡ ಜಾಸ್ತಿ ಆಟ ಆಡ್ತೈತಿ, ಅದಕ್ಕ ಪ್ಲೈವುಡ್ಡಿಗೆ ಎರಡೂ ಕಡೆ ವಾರ್ನಿಶ್ ಹೊಡೀರಿ. ಜಲ್ಲಿ ಮಣ್ಣು ಅಂಗಡಿಯಿಂದ ತರೂದು ಬ್ಯಾಡ, ನಿಮ್ಮೂರ ಮಣ್ಣ ಚಹಾ ಜರಡಿಯಾಗ ಸೋಸಿ ಬಳಸ್ರಿ, ಬಣ್ಣ ಅದರಂಗ ಬ್ಯಾರೆ ಯಾವುದೂ ಬರಂಗಿಲ್ಲ, ಆದ್ರ ಒಂದು ಮಾತು, ಮೊದ್ಲ ಅದರಾಗ ಆಯಸ್ಕಾಂತ ಆಡಸ್ರಿ. ನಮ್ಮ ಕರಿಕಲ್ಲಿನ ಪುಡಿ, ಎರಿ ಮಣ್ಣು ಎರಡರಾಗೂ ಕಬ್ಬಿಣದ ಅದಿರಿನ ಸಣ್ಣ ಕಣ ಇರ್ತಾವ, ಆಯಸ್ಕಾಂತಕ್ಕ ಮೀಸಿ ಹಂಗ ಹತ್ತತಾವ ನೋಡ್ರಿ, ಅವ ಕಣ ಮೋಟರಿನೊಳಗ ಎಳಕೊಂಡು ಹೋಗಿ ಇಂಜಿನ್ ಸುಡ್ತಾವ.

ಈ ರವಿವಾರ ಕಾರ್ಖಾನಿಗೆ ಹೋಗುವಾಗ 5 ಮೀಟರಿನ ಟೇಪು, ಸ್ಕೇಲು, ಚಾಕ್‌ಪೀಸ್, ಟಾರ್ಚು, ಜೋಡಿಗೊಬ್ಬ ದೊಡ್ಡ ಮನಶ್ಯಾ ಇರಲಿ. ಎರಡೂ ಬದಿ, ಮುಂದ, ಹಿಂದ ಫೋಟೋ ಸಾಧ್ಯ ಆದಷ್ಟು ದೂರ ನಿಂತು ನೇರ ತಗೀರಿ, ಹತ್ರ ನಿಂತು ತಗದ್ರ ಗೆರಿ ಡೊಂಕಾಗಿ ಡ್ರಾಯಿಂಗಿಗೆ ಬರಂಗಿಲ್ಲ. ಗಾಲಿ ನಡುವಿನ ಅಂತರ, ಗಾಲಿ ಅಗಲ, ಬಫರ್ ಎತ್ತರ, ಕ್ಯಾಬಿನ ಕಿಡಕಿ ಇವು ಬರಕೊಳ್ರಿ. ಕ್ಯಾಬಿನೊಳಗಿನ ಹ್ಯಾಂಡಲ್ ಮತ್ತ ಬಾನೆಟ್ ಕೆಳಗಿನ ಗೇರ್ ಪೆಟ್ಟಿಗಿ ಫೋಟೋ ನನಗ ಕಳಸ್ರಿ, ಟ್ರಾನ್ಸ್‌ಮಿಷನ್ ಮೆಕ್ಯಾನಿಕಲ್ಲೋ ಹೈಡ್ರಾಲಿಕ್ಕೋ ಅನ್ನೂದು ನೋಡಿ ಅದರ ಆಯಿಲ್ ಎಲ್ಲಿಂದ ಇಳಸಬೇಕು, ಅದನ್ನ ಎಳದು ಒಯ್ಯೂ ಮುಂದ ಏನ ಬಿಚ್ಚಬೇಕು ಅಂತ ಬರದು ಹೇಳ್ತೀನಿ. ಅಲ್ಲಿ ತನಕ ಕೊಳವಿ ಬಾಯಿ ಮಾತ್ರ ಮುಚ್ಚಿ ಬರ್ರಿ.